ವಡಗಾವಿಯ ಮನೆಯ ಮೂರನೇ ಪಾಲು

ಮಗಳಿಗೆ ಗುಜರಾತಿನ ಕಾಲೇಜೊಂದರಲ್ಲಿ ಜವಳಿ ವಿನ್ಯಾಸ ಓದಲು ಸೀಟು ಸಿಕ್ಕಿದ ಸುದ್ದಿ ಬಂದಾಗ ನಾನು ಹತ್ತನೆಯ ತರಗತಿಗೆ ಬೆಳಕಿನ ಪಾಠ ಮಾಡುತ್ತಿದ್ದೆ. ತರಗತಿಯಲ್ಲಿ ಫೋನ್ ಮುಟ್ಟಬಾರದು ಎಂದು ಬೇರೆಯವರಿಗೆ ಬುದ್ಧಿ ಹೇಳುವವಳು ನಾನೇ. ಅವತ್ತು ಮಾತ್ರ ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಪಡಸಾಲೆಗೆ ಓಡಿದೆ. ಒಳಗೆ ಬಂದಾಗ ನನ್ನ ಮುಖ ನೋಡಿ ಹುಡುಗರೇ ಚಪ್ಪಾಳೆ ಹೊಡೆದರು. ಯಾತಕ್ಕೆ ಎಂದು ಅವರಿಗೂ ಗೊತ್ತಿರಲಿಲ್ಲ.

ಸಂಜೆ ನನ್ನ ಯಜಮಾನರು ಉದ್ಯಮಬಾಗದ ಫೌಂಡ್ರಿಯಿಂದ ಬಂದರು. ಅಲ್ಲಿ ಎರಕದ ತುಂಡುಗಳಲ್ಲಿ ದೋಷ ಹುಡುಕುವುದು ಅವರ ಕೆಲಸ. ಹಾಗಾಗಿ ಮನೆಯಲ್ಲಿಯೂ ಎಂಥ ಸಿಹಿಸುದ್ದಿ ಕೊಟ್ಟರೂ ಒಂದು ಸಲ ತಿರುಗಿಸಿ ನೋಡುತ್ತಾರೆ. ಮಗಳನ್ನು ತಬ್ಬಿಕೊಂಡರು, ಪೇಡೆ ತಿಂದರು, ಆಮೇಲೆ ಕಾಲೇಜಿನ ಫೀ, ಹಾಸ್ಟೆಲು, ಊಟ, ಸಾಮಾನು ಎಲ್ಲವನ್ನೂ ಓದಿ ಫೋನನ್ನು ಮಗುಚಿ ಇಟ್ಟರು. ಊರಿನ ಕಾಲೇಜಾಗಿದ್ದರೆ ಇಬ್ಬರ ಸಂಬಳದಲ್ಲಿ ಹೇಗೋ ನಡೆಯುತ್ತಿತ್ತು. ಪರರಾಜ್ಯದಲ್ಲಿ ನಾಲ್ಕು ವರ್ಷ ಎಂದರೆ ಬೇರೆಯೇ ಮಾತು. ಮಹಾಂತೇಶ ನಗರದ ನಮ್ಮ ಮನೆಯ ಸಾಲ ಆಗಷ್ಟೇ ತೀರಿತ್ತು. ಈಗ ಓದಿನ ಸಾಲ ತೆಗೆಯೋಣ ಎಂದರು ಅವರು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವಾಗ ನನಗೆ ಒಂದು ವಿಚಾರ ಹೊಳೆಯಿತು. ಊರಾಚೆ ನಮ್ಮದೊಂದು ಖಾಲಿ ನಿವೇಶನವಿತ್ತು. ವರ್ಷಕ್ಕೊಮ್ಮೆ ಹೋಗಿ ಕಸ ಕೀಳಿಸುವುದು ಬಿಟ್ಟರೆ ಅದರಿಂದ ಏನೂ ಉಪಯೋಗವಿರಲಿಲ್ಲ. ಶಾಲೆಯ ಸಹೋದ್ಯೋಗಿಯೊಬ್ಬರು ಅದನ್ನು ಕೊಡ್ತೀರೇನು ಎಂದು ಎಷ್ಟೋ ಸಲ ಕೇಳಿದ್ದರು. ಅದನ್ನು ಕೊಟ್ಟು ಒಂದು ಹಳೆಯ ಮನೆ ಕೊಂಡರೆ? ನಮ್ಮ ಹುಡುಗಿ ಗುಜರಾತಿಗೆ ಹೋಗುವ ಹಾಗೆ ಯಾರ ಯಾರದೋ ಹುಡುಗಿಯರು ನರ್ಸಿಂಗು, ಫಾರ್ಮಸಿ ಎಂದು ನಮ್ಮ ಬೆಳಗಾವಿಗೆ ಬರುತ್ತಾರೆ. ಅವರಿಗೆ ಕೋಣೆ ಬೇಕು. ಅವರ ಬಾಡಿಗೆಯಿಂದ ಇವಳ ಹಾಸ್ಟೆಲು ನಡೆಯಲಿ. ಸಾಲ ಮಾಡಿ ಓದಿಸಿದರೆ ಕೊನೆಗೆ ಪದವಿಯೊಂದೇ ಕೈಯಲ್ಲಿರುತ್ತದೆ, ಹೀಗೆ ಓದಿಸಿದರೆ ಮನೆಯೂ ಉಳಿಯುತ್ತದೆ. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿದ್ದರೂ ನಾನು ಹೇಳುತ್ತಲೇ ಇದ್ದೆ. ಯಜಮಾನರು ಎದ್ದು ಬಂದು ಒಲೆ ಆರಿಸಿ, "ಮನಿ ಎಲ್ಲೆ ಐತಿ ತೋರ್ಸು ಮೊದಲ" ಎಂದರು.

ಅಲ್ಲಿಂದ ನಮ್ಮ ಭಾನುವಾರಗಳೆಲ್ಲ ಸ್ಕೂಟರಿನ ಮೇಲೆ ಕಳೆದವು. ಫ್ಲಾಟುಗಳನ್ನು ನೋಡಿದೆವು, ರೋ ಹೌಸುಗಳನ್ನು ನೋಡಿದೆವು. ಯಜಮಾನರು ಜೇಬಿನಲ್ಲಿ ಅಳತೆಪಟ್ಟಿ ಇಟ್ಟುಕೊಂಡು ಗೋಡೆಗೆ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದರು, ಎರಕದ ಕಬ್ಬಿಣಕ್ಕೆ ಬಡಿದ ಹಾಗೆ. ಚೆನ್ನಾಗಿದ್ದದ್ದು ನಮ್ಮ ಕೈಗೆಟುಕುತ್ತಿರಲಿಲ್ಲ, ಎಟುಕಿದ್ದು ಅವರ ಕಿವಿಗೆ ಹಿಡಿಸುತ್ತಿರಲಿಲ್ಲ. ಆದರೂ ನನಗೆ ಹಾಗೆ ಊರು ಸುತ್ತುವುದರಲ್ಲಿ ಒಂದು ಹುರುಪು ಬಂದುಬಿಟ್ಟಿತ್ತು. ಹುಟ್ಟಿ ಬೆಳೆದ ಊರಿನಲ್ಲಿ ಇಷ್ಟು ಮನೆಗಳ ಒಳಗು ನೋಡಿರಲಿಲ್ಲ.

ನಮ್ಮೂರಿನ ನೇಕಾರರ ಬಡಾವಣೆ ವಡಗಾವಿಗೆ ಹೋಗಿದ್ದು ಮನೆ ನೋಡುವುದಕ್ಕಲ್ಲ. ಸಂಬಂಧಿಕರ ಮದುವೆಗೆ ಸೀರೆ ಕೊಳ್ಳಲು ನೇಕಾರರೊಬ್ಬರ ಮನೆ ಹುಡುಕುತ್ತ, ಮಗಳೂ ಸೇರಿ ಮೂವರು ಓಣಿಯಲ್ಲಿ ನಡೆಯುತ್ತಿದ್ದೆವು. ಎರಡೂ ಕಡೆ ಮಗ್ಗಗಳ ಖಟಪಟ, ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಆ ಗದ್ದಲದ ನಡುವೆ ಒಂದು ಮನೆ ಮಾತ್ರ ಸುಮ್ಮನಿತ್ತು. ಬಾಗಿಲ ಮೇಲೆ 'ಮಾರಾಟಕ್ಕಿದೆ' ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸುಣ್ಣದಿಂದ ಬರೆದಿತ್ತು.

ಎದುರುಮನೆಯ ಅಜ್ಜಿಯ ಹತ್ತಿರ ಕೀಲಿಯಿತ್ತು. ಮುಂದೆ ನೋಡಿದರೆ ಎರಡಾಳು ಅಗಲದ ಮನೆ, ಒಳಗೆ ಹೋದ ಹಾಗೆ ಹೋದ ಹಾಗೆ ಉದ್ದ. ಒಂದರ ಹಿಂದೊಂದು ಕೋಣೆಗಳು, ನಡುವೆ ಆಕಾಶ ಕಾಣುವ ಅಂಗಳ, ಅಂಗಳದಲ್ಲಿ ಬಾವಿ, ಅದರಾಚೆ ಮಗ್ಗಗಳಿದ್ದ ದೊಡ್ಡ ಹಜಾರ. ಮಗ್ಗಗಳನ್ನು ಯಾವಾಗಲೋ ಮಾರಿದ್ದರು. ನೇಕಾರರು ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿಗಳು ಮಾತ್ರ ನೆಲದಲ್ಲಿ ಹಾಗೇ ಇದ್ದವು. ಮಗಳು ಒಂದರೊಳಗೆ ಕಾಲು ಬಿಟ್ಟು ಕುಳಿತುಬಿಟ್ಟಳು. ಯಜಮಾನರು ಗೋಡೆಗೆ ಬಡಿದರು. ಇನ್ನೊಂದು ಗೋಡೆಗೂ ಬಡಿದರು. ಆಮೇಲೆ ಅಳತೆಪಟ್ಟಿ ತೆಗೆದರು. ಅವರು ಪಟ್ಟಿ ತೆಗೆದರೆಂದರೆ ಒಪ್ಪಿದರೆಂದೇ ಅರ್ಥ.

ಮನೆ ಇಬ್ಬರು ಅಣ್ಣತಮ್ಮಂದಿರದು. ಅಣ್ಣನಿಗೆ ಪೇಟೆಯಲ್ಲಿ ಗುಂಡಿ, ದಾರ ಮಾರುವ ಅಂಗಡಿ. ತಮ್ಮನಿಗೆ ಲಾರಿ ಆಫೀಸಿನಲ್ಲಿ ಕೆಲಸ. ಇಬ್ಬರೂ ಒಳ್ಳೆಯ ಮಾತಿನವರು. ಗೋದಾಮು ಮಾಡಲು ಒಬ್ಬ ವ್ಯಾಪಾರಿಯೂ ಕೇಳುತ್ತಿದ್ದಾನೆ, ಬರುವ ಭಾನುವಾರ ಯಾರು ಮುಂಗಡ ಕೊಡುತ್ತಾರೋ ಅವರಿಗೇ ಮನೆ ಎಂದರು. ಅವರು ಹೇಳಿದ ಬೆಲೆ ನಮ್ಮ ನಿವೇಶನದ ಬೆಲೆಗಿಂತ ಹೆಚ್ಚಿತ್ತು. ಉಳಿದದ್ದಕ್ಕೆ ಸಾಲವನ್ನೇ ತೆಗೆಯಬೇಕು. ಆದರೂ ನಾವು ಹೂಂ ಎಂದೆವು.

ಕೀಲಿ ಹಿಂದಿರುಗಿಸಲು ಹೋದಾಗ ಎದುರುಮನೆಯ ಅಜ್ಜಿ, ಖಾನಾಪುರದ ಅಕ್ಕ ಒಪ್ಪಿದಳೇ ಎಂದು ಕೇಳಿದರು. ಯಾವ ಅಕ್ಕ ಎಂದೆ. ಈ ಇಬ್ಬರಿಗಿಂತ ದೊಡ್ಡವಳು, ಗಂಡನನ್ನು ಕಳೆದುಕೊಂಡು ಖಾನಾಪುರದಲ್ಲಿ ಖಾನಾವಳಿ ನಡೆಸುತ್ತಾಳೆ ಎಂದರು. ಅಣ್ಣತಮ್ಮಂದಿರನ್ನು ಕೇಳಿದರೆ, ಅವಳ ಪಾಲು ಮದುವೆಯ ಖರ್ಚಿನಲ್ಲಿಯೇ ಮುಗಿದಿದೆ, ನಿಮಗೆ ಆ ಚಿಂತೆ ಬೇಡ ಎಂದರು. ಯಜಮಾನರ ಗೆಳೆಯರಾದ ವಕೀಲರು ಹಾಗಲ್ಲ, ತಂದೆಯ ಮನೆಯಲ್ಲಿ ಅವಳಿಗೂ ಸರಿಪಾಲು, ಅವಳು ಸಹಿ ಮಾಡದೆ ಕೊಳ್ಳಬೇಡಿ ಎಂದರು. ಇದನ್ನು ಹೇಳಿದಾಗ ಅಣ್ಣ ನಕ್ಕು, ಸಹಿ ತಾನೇ, ಎರಡು ದಿನದಲ್ಲಿ ತರಿಸುತ್ತೇನೆ ಎಂದ. ಯಜಮಾನರಿಗೆ ಅಷ್ಟು ಸಾಕಾಗಿತ್ತು. ನನಗೆ ಯಾಕೋ ಸಾಲಲಿಲ್ಲ. ಗಂಡನಿಲ್ಲದೆ ಖಾನಾವಳಿ ನಡೆಸುವ ಹೆಂಗಸು ತವರುಮನೆಯನ್ನು ಸುಮ್ಮನೆ ಬರೆದುಕೊಟ್ಟಾಳೇ ಎಂಬ ಪ್ರಶ್ನೆ ತಲೆಯಲ್ಲಿ ಕೊರೆಯತೊಡಗಿತು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಗಳನ್ನು ಕರೆದುಕೊಂಡು ಖಾನಾಪುರದ ಬಸ್ಸು ಹತ್ತಿದೆ.

ಖಾನಾವಳಿ ಹುಡುಕುವುದು ಕಷ್ಟವಾಗಲಿಲ್ಲ. ನಾಲ್ಕು ಮೇಜು, ಗೋಡೆಗೆ ಹಸಿರು ಬಣ್ಣ, ಒಳಗಿನಿಂದ ಜೋಳದ ಭಾಕರಿ ಬೇಯುವ ಘಮಲು. ಅರವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು ಒಬ್ಬರೊಡನೆ ಮರಾಠಿಯಲ್ಲಿ, ಇನ್ನೊಬ್ಬರೊಡನೆ ಕನ್ನಡದಲ್ಲಿ ಮಾತಾಡುತ್ತ ಬಡಿಸುತ್ತಿದ್ದಳು. ನಾವೂ ಕುಳಿತು ಕಡಲೆಹಿಟ್ಟಿನ ಝುಣಕ, ಭಾಕರಿ ಉಂಡೆವು. ಜನ ತೆಳುವಾದ ಮೇಲೆ ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ವಡಗಾವಿ ಮನೆ ಮಾರುವ ವಿಷಯ ನಿಮಗೆ ಗೊತ್ತಿದೆಯಲ್ಲ ಎಂದು ಕೇಳಿದೆ.

ಅವಳ ಕೈಯಲ್ಲಿದ್ದ ಸೌಟು ನಿಂತಿತು. "ಯಾರ ಮನಿ ಮಾರಾಕತ್ತಾರ್ರೀ?" ಎಂದಳು.

ಅವಳಿಗೆ ಏನೂ ಗೊತ್ತಿರಲಿಲ್ಲ. ದೊಡ್ಡ ತಮ್ಮ ನಿನ್ನೆ ಫೋನು ಮಾಡಿ, ಮನೆಯ ತೆರಿಗೆಪಟ್ಟಿಯಲ್ಲಿ ತೀರಿಹೋದ ಅಪ್ಪನ ಹೆಸರು ಬದಲಾಯಿಸಬೇಕು, ಒಂದು ಸಹಿ ಬೇಕು ಎಂದಷ್ಟೇ ಹೇಳಿದ್ದನಂತೆ. ಸೋಮವಾರ ಬಂದು ಮಾಡುತ್ತೇನೆ ಎಂದಿದ್ದಳಂತೆ. ಒಂದು ಕ್ಷಣ ನನಗೆ ಬಾಯಿ ಮುಚ್ಚಿಕೊಂಡು ಎದ್ದುಹೋಗಬಹುದಿತ್ತಲ್ಲ ಎನ್ನಿಸಿತು. ಆದರೆ ಎದುರಿಗೆ ನನ್ನ ಮಗಳು ಕುಳಿತಿದ್ದಳು. ಬೆಲೆ, ಗೋದಾಮಿನ ವ್ಯಾಪಾರಿ, ಭಾನುವಾರದ ಮುಂಗಡ, ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಸಿಟ್ಟು ಮಾಡಲಿಲ್ಲ. ಉಳಿದಿಬ್ಬರು ಗಿರಾಕಿಗಳಿಗೆ ಅನ್ನ ಹಾಕಿ, ಕೈ ತೊಳೆದು ಬಂದು ನಮ್ಮ ಮೇಜಿನಲ್ಲಿಯೇ ಕುಳಿತಳು. ಮನೆ ನಿಮಗೆ ಯಾತಕ್ಕೆ ಎಂದು ಕೇಳಿದಳು. ಮಗಳ ಓದಿನ ಮಾತು, ಹುಡುಗಿಯರಿಗೆ ಬಾಡಿಗೆ ಕೊಡುವ ಮಾತು ಹೇಳಿದೆ. ಏನು ಓದುತ್ತೀ ಎಂದು ಮಗಳನ್ನು ಕೇಳಿದಳು. ಬಟ್ಟೆಯ ವಿನ್ಯಾಸ, ನೇಯುವುದನ್ನೂ ಕಲಿಸುತ್ತಾರೆ ಎಂದಳು ಮಗಳು. ಅದನ್ನು ಕಲಿಯುವುದಕ್ಕೆ ಗುಜರಾತಿನ ತನಕ ಹೋಗಬೇಕೇ ಎಂದು ಅವಳು ನಕ್ಕೇಬಿಟ್ಟಳು. ಮಗ್ಗದಲ್ಲಿ ಸೀರೆಯ ಅಂಚು ಮೂಡುವಾಗ ಅಪ್ಪನ ಪಕ್ಕ ಕುಳಿತು ನೋಡುತ್ತಿದ್ದುದನ್ನು, ದಿನವೆಲ್ಲ ಕಂಡಿಕೆಗೆ ನೂಲು ಸುತ್ತುತ್ತಿದ್ದುದನ್ನು ಹೇಳಿದಳು. ಇಬ್ಬರೂ ಹಳೇ ಗೆಳತಿಯರ ಹಾಗೆ ಮಾತಿಗೆ ಬಿದ್ದರು. ಹೊರಡುವಾಗ ಅವಳು, "ನಾಳೆ ನಾ ವಡಗಾವಿಗೆ ಬರ್ತೀನಿ. ನಾ ಬರೂತನಕ ಯಾರಿಗೂ ರೊಕ್ಕ ಕೊಡಬ್ಯಾಡ್ರಿ" ಎಂದಳು.

ಮನೆಗೆ ಬಂದು ಹೇಳಿದೆ. ಯಜಮಾನರು ಜೇಬಿನ ಅಳತೆಪಟ್ಟಿ ತೆಗೆದು ಕಪಾಟಿನಲ್ಲಿಟ್ಟರು. "ನೀ ಮಾಡಿದ್ದು ತಪ್ಪಲ್ಲ. ಆದ್ರ ಮನಿ ಹೋತು ಅಂತ ತಿಳಕೋ" ಎಂದರು. ನನಗೂ ಹಾಗೇ ಅನ್ನಿಸಿತ್ತು.

ಭಾನುವಾರ ನಾವು ಮುಟ್ಟುವಷ್ಟರಲ್ಲಿ ಅವಳು ಬಂದು ಕಟ್ಟೆಯ ಮೇಲೆ ಕುಳಿತಾಗಿತ್ತು. ಅಣ್ಣತಮ್ಮಂದಿರು ಎರಡು ಕಡೆ ತಲೆತಗ್ಗಿಸಿ ನಿಂತಿದ್ದರು. ಗೋದಾಮಿನ ವ್ಯಾಪಾರಿ ಗಾಡಿಗೆ ಒರಗಿ ಗಡಿಯಾರ ನೋಡುತ್ತಿದ್ದ. ಅಕ್ಕಪಕ್ಕದ ಮಗ್ಗಗಳು ಒಂದೊಂದಾಗಿ ನಿಂತವು. ಓಣಿಯವರಿಗೆಲ್ಲ ಇಲ್ಲಿಯ ಮಾತು ಕೇಳಬೇಕಾಗಿತ್ತು.

"ಕೇಳಿದ್ರ ಕೊಡ್ತಿದ್ನೋ ಏನೋ. ನೀವು ಕೇಳಲೇ ಇಲ್ಲ" ಎಂದಳು ತಮ್ಮಂದಿರಿಗೆ. ಅಷ್ಟೇ. ಆಮೇಲೆ ಅವಳು ನಿಧಾನವಾಗಿ ತನ್ನ ತೀರ್ಮಾನ ಹೇಳಿದಳು. ನಿಮ್ಮ ಎರಡು ಪಾಲು ನೀವು ಮಾರಿಕೊಳ್ಳಿ, ನಾನು ಅಡ್ಡ ಬರುವುದಿಲ್ಲ. ನನ್ನ ಪಾಲು ಮಾರುವುದಿಲ್ಲ ಎಂದಳು. ವ್ಯಾಪಾರಿಗೆ ಮನೆ ಕೆಡವಬೇಕಾಗಿತ್ತು, ಮೂರರಲ್ಲಿ ಎರಡು ಪಾಲು ತೆಗೆದುಕೊಂಡು ಅವನೇನು ಮಾಡಿಯಾನು. ನಮಸ್ಕಾರ ಹೇಳಿ ಗಾಡಿ ಹತ್ತಿದ.

ನಾನೂ ಮಗಳ ಕೈ ಹಿಡಿದು ಹೊರಡಲು ತಿರುಗಿದೆ. ಆಗ ಅವಳು ನನ್ನನ್ನು ಕರೆದಳು. "ಎಲ್ಲಿಗಿ ಹೊಂಟ್ರಿ? ಕುಂದರ್ರಿ. ನಿಮ್ಮ ಹುಡಿಗ್ಯಾರಿಗಿ ಊಟಾ ಯಾರ್ ಹಾಕ್ತಾರ?"

ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ಇಬ್ಬರೂ ದಿನವಿಡೀ ಕೆಲಸಕ್ಕೆ ಹೋಗುವವರು. ಮನೆ ಕೊಂಡರೆ ಬಾಡಿಗೆ ತಾನಾಗಿ ಬರುತ್ತದೆ ಎಂದುಕೊಂಡಿದ್ದೆವು. ಅವಳು ಯೋಚಿಸಿಕೊಂಡೇ ಬಂದಿದ್ದಳು. ಹೊಸ ಹೆದ್ದಾರಿ ಊರ ಹೊರಗಿನಿಂದ ಹೋದ ಮೇಲೆ ಖಾನಾಪುರದಲ್ಲಿ ನಿಂತು ಉಣ್ಣುವವರು ಕಡಿಮೆಯಾಗಿದ್ದರು. ತಮ್ಮಂದಿರ ಪಾಲು ನೀವು ಕೊಳ್ಳಿ ಎಂದಳು. ನನ್ನದು ನನಗಿರಲಿ. ಬಾಡಿಗೆಯಲ್ಲಿ ಎರಡು ಭಾಗ ನಿಮಗೆ, ಒಂದು ನನಗೆ. ಅಡಿಗೆಯ ಲಾಭನಷ್ಟ ನನ್ನದು. ನಾನು ಇಲ್ಲಿಯೇ ಇರುತ್ತೇನೆ, ಹುಡುಗಿಯರ ಮೇಲೆ ಕಣ್ಣೂ ಇರುತ್ತದೆ. ಇದಿಷ್ಟು ಹೇಳಿ ಅವಳು ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದಳು.

ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ. ಎರಡು ಪಾಲಿನ ಬೆಲೆ ನಮ್ಮ ನಿವೇಶನದ ಬೆಲೆಯೊಳಗೆ ಬರುತ್ತಿತ್ತು. ಬ್ಯಾಂಕಿಗೆ ಹೋಗಬೇಕಾಗಿಯೇ ಇರಲಿಲ್ಲ. ಯಜಮಾನರ ಮುಖ ನೋಡಿದೆ. ಗೊತ್ತಿಲ್ಲದವರ ಜೊತೆ ಪಾಲುದಾರಿಕೆ ಎಂದರೆ ಅವರಿಗೆ ಭಯ. ನಾಳೆ ಮನಸ್ತಾಪ ಬಂದರೆ, ನಿಮಗೆ ಏನಾದರೂ ಆದರೆ, ನಿಮ್ಮ ಪಾಲು ಮಾರಬೇಕೆನಿಸಿದರೆ ಎಂದು ಒಂದೊಂದೇ ಕೇಳಿದರು. ಮಾರುವುದಾದರೆ ಮೊದಲು ನಿಮಗೇ, ಅದನ್ನು ವಕೀಲರಿಂದ ಬರೆಸಿಕೊಳ್ಳಿ ಎಂದಳು. ಮನಸ್ತಾಪದ ಮಾತಿಗೆ, ಒಡಹುಟ್ಟಿದವರ ಜೊತೆಗೇ ಇಂದು ಆಯಿತಲ್ಲ, ನಿಮ್ಮ ಜೊತೆ ಆದರೆ ಏನು ಹೊಸತು ಎಂದಳು. ಯಜಮಾನರು ನಕ್ಕದ್ದನ್ನು ನಾನು ಬಹಳ ದಿನದ ಮೇಲೆ ನೋಡಿದೆ. ಎದ್ದು ಒಬ್ಬರೇ ಒಳಗೆ ಹೋದರು. ಹಜಾರದ ತನಕ ಹೋಗಿ ಗೋಡೆ ಬಡಿಯುವ ಸದ್ದು ಕೇಳಿಸಿತು. ತಿರುಗಿ ಬಂದು, "ಅಡಿಗಿಮನಿ ಎಲ್ಲೆ ಮಾಡೂಣು ಅಂತೀರಿ?" ಎಂದು ಅವಳನ್ನು ಕೇಳಿದರು. ಮಗಳು ಅಲ್ಲಿಯೇ ಓಣಿಯಲ್ಲಿ ಕುಣಿದುಬಿಟ್ಟಳು.

ನಿವೇಶನವನ್ನು ಶಾಲೆಯ ಸಹೋದ್ಯೋಗಿಗೆ ಮಾರಿದ ಮೇಲೆ, ವಡಗಾವಿ ಮನೆಯ ನೋಂದಣಿಯ ದಿನ ಕಚೇರಿಯಲ್ಲಿ ನಮ್ಮ ಸರದಿ ಬರುವ ತನಕ ನಾನು ಕುಳಿತಲ್ಲಿ ಕೂರಲಿಲ್ಲ. ಫೋಟೋ ತೆಗೆಯುವ ಹುಡುಗಿ ನಗಬೇಡಿ ಎಂದು ಮತ್ತೆ ಮತ್ತೆ ಹೇಳಿದರೂ ನನ್ನ ನಗು ನಿಲ್ಲಲಿಲ್ಲ, ಕೊನೆಗೆ ಅವಳು ಹಾಗೇ ತೆಗೆದಳು. ಆ ಪತ್ರದಲ್ಲಿ ನಾನು ಹಲ್ಲು ತೋರಿಸಿಕೊಂಡೇ ಇದ್ದೇನೆ.

ಆಮೇಲಿನ ವಾರಗಳು ಮದುವೆಮನೆಯ ಹಾಗೆ ಗಡಿಬಿಡಿಯಲ್ಲಿ ಕಳೆದವು. ನಲ್ಲಿ, ಬಚ್ಚಲು, ಬಣ್ಣ, ಮಂಚ. ಅಕ್ಕನ ದೊಡ್ಡ ಒಲೆಯನ್ನೂ ಪಾತ್ರೆಗಳನ್ನೂ ಖಾನಾಪುರದಿಂದ ಟೆಂಪೋದಲ್ಲಿ ತಂದವನು ಆ ದೊಡ್ಡ ತಮ್ಮನೇ. ಇಳಿಸಿ ಹೋಗಲಿಲ್ಲ, ಅಕ್ಕ ಮಾಡಿದ ಮೊದಲ ಚಹಾ ಕುಡಿದು ಹೋದ. ಮಗ್ಗದ ಕುಣಿಗಳನ್ನು ಮುಚ್ಚಬೇಕು ಎಂದು ಗಾರೆಕೆಲಸದ ಗೌಂಡಿ ಹೇಳಿದ. ಒಂದನ್ನಾದರೂ ಬಿಡಿ ಎಂದು ಮಗಳು ಹಟ ಹಿಡಿದಳು. ಒಂದನ್ನು ಬಿಟ್ಟೆವು. ಅದರ ಮೇಲೆ ಹಲಗೆ ಹಾಕಿ ಅಕ್ಕ ಜೋಳದ ಹಿಟ್ಟಿನ ಡಬ್ಬಿ ಇಟ್ಟಳು.

ಮಗಳನ್ನು ಗುಜರಾತಿಗೆ ಬಿಟ್ಟು ಬಂದ ವಾರವೇ ನಮ್ಮ ವಡಗಾವಿ ಮನೆಗೆ ಮೊದಲ ಹುಡುಗಿ ಬಂದಳು. ನರ್ಸಿಂಗ್ ಓದಲು ರತ್ನಾಗಿರಿ ಕಡೆಯಿಂದ ಬಂದವಳು, ಜೊತೆಗೆ ತಾಯಿ. ಆ ತಾಯಿ ಕೋಣೆಯೊಳಗೆ ಹೋಗಿ ಮೊದಲು ಗಾದಿಯನ್ನು ಅಂಗೈಯಿಂದ ಒತ್ತಿ ನೋಡಿದಳು, ಕಿಟಕಿಯ ಚಿಲಕ ಹಾಕಿ ತೆಗೆದಳು, ನಲ್ಲಿ ತಿರುಗಿಸಿದಳು. ಆ ವಾರವೇ ಗುಜರಾತಿನ ಹಾಸ್ಟೆಲಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ಅವಳಿಗೆ ಕನ್ನಡ ಬಾರದು, ನನಗೆ ಮರಾಠಿ ಅಷ್ಟಕ್ಕಷ್ಟೇ. ಅಕ್ಕ ನಡುವೆ ನಿಂತು ಇಬ್ಬರ ಮಾತನ್ನೂ ಆಚೀಚೆ ಮಾಡಿದಳು. ಹೋಗುವಾಗ ಆ ತಾಯಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಏನು ಹೇಳಿದಳೋ ಪೂರ್ತಿ ತಿಳಿಯಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ.

ದಸರೆಯೊಳಗೆ ಮನೆ ತುಂಬಿತು. ಈಗ ಮಗಳು ಎರಡನೆಯ ವರ್ಷದಲ್ಲಿದ್ದಾಳೆ. ಅವಳ ಹಾಸ್ಟೆಲಿನ ಖರ್ಚು ಆ ಓಣಿಯಿಂದಲೇ ಹೋಗುತ್ತದೆ. ಫೀಗೆ ನಮ್ಮ ಸಂಬಳ ಸಾಕಾಗುತ್ತದೆ. ಕಳೆದ ರಜೆಯಲ್ಲಿ ಬಂದವಳು ಮಹಾಂತೇಶ ನಗರದಲ್ಲಿ ನಮ್ಮ ಜೊತೆ ಇದ್ದದ್ದಕ್ಕಿಂತ ವಡಗಾವಿಯಲ್ಲಿಯೇ ಹೆಚ್ಚು ಇದ್ದಳು. ಅಕ್ಕನಿಂದ ಹಳೆಯ ಅಂಚುಗಳ ಹೆಸರು ಕೇಳಿ ಕೇಳಿ ಚಿತ್ರ ಬರೆದುಕೊಳ್ಳುತ್ತಿದ್ದಳು. ಮಲಗಲು ಒಂದು ಮಂಚವೂ ಖಾಲಿ ಇರಲಿಲ್ಲವಾದ್ದರಿಂದ ಅಡಿಗೆಮನೆಯ ಪಕ್ಕದಲ್ಲಿ ಅಕ್ಕನ ಹಾಸಿಗೆಯ ಬಳಿ ಚಾಪೆ ಹಾಸಿಕೊಂಡಳು.