ಕಾರಿಗೆ ಸಲಾಮು ಮಾಡುತ್ತಿದ್ದ ಖಾಸೀಂ ಮಿಸ್ತ್ರಿ

ಆಗ ನನಗೆ ಹದಿನೇಳು ವರ್ಷ, ಆ ಮನೆಗೆ ಸೊಸೆಯಾಗಿ ಬಂದ ಹೊಸತು. ಅದಾಗಿ ಈಗ ಐವತ್ತು ವರ್ಷ ಆಯಿತು. ಖಾಸೀಂ ಮಿಸ್ತ್ರಿ ಮೊದಲ ಸಲ ನಮ್ಮ ಅಂಗಳಕ್ಕೆ ಬಂದಾಗ ಸಲಾಮು ಮಾಡಿದ್ದು ಕಾರಿಗೆ. ಪಕ್ಕದಲ್ಲೇ ನಿಂತಿದ್ದ ನಮ್ಮ ಮಾವನಿಗೆ ಎರಡನೆಯ ಸಲಾಮು.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ಅದು. ಸುರಪುರದ ಒಬ್ಬ ಸಾಹೇಬರು ಹೈದರಾಬಾದಿಗೆ ಹೊರಟಾಗ ಮಾವ ಒಂದು ಹಿಂಡು ಕುರಿ ಕೊಟ್ಟು ಅವರ ಹಳೆಯ ಕಾರು ತಂದರು. ಯಾದಗಿರಿ ಸ್ಟೇಷನ್ನಿಗೆ ಬಾಡಿಗೆ ಓಡಿಸುವ ಆಸೆ. ಕುರಿಯವರಿಗೆ ಕಾರು ಯಾಕೆ ಎಂದು ಊರು ನಕ್ಕಿತು. ಸೆರಗಿನ ಮರೆಯಲ್ಲಿ ನಾನೂ ನಕ್ಕೆ. ಕಾರು ನೆಟ್ಟಗೆ ಹೋಗುತ್ತಿರಲಿಲ್ಲ. ನೀರು ಕಂಡ ಎಮ್ಮೆಯಂತೆ ಎಡಕ್ಕೆ ಎಳೆಯುತ್ತಿತ್ತು, ತಗ್ಗು ಬಂದರೆ ಮುಂಭಾಗ ಗಡಗಡ ಬಡಿಯುತ್ತಿತ್ತು.

ಖಾಸೀಂ ಆ ಸಾಹೇಬರ ಡ್ರೈವರ್, ಕಾರಿನ ರಿಪೇರಿಯೂ ಅವನದೇ. ಕಾರು ಹೋದ ಮೇಲೆ ಶಹಾಪುರದ ಮನೆಯಲ್ಲಿ ಖಾಲಿ ಕೂತಿದ್ದ. ಹೈದರಾಬಾದಿನಲ್ಲಿದ್ದ ಅವನ ತಮ್ಮ ಅಲ್ಲಿಗೇ ಬಾ ಎಂದು ಕರೆದಿದ್ದ. ಹೆಂಡತಿ ಗಂಟು ಕಟ್ಟಿಟ್ಟಿದ್ದಳು. ಅವನಿಗೆ ಶಹಾಪುರ ಬಿಡುವ ಮನಸ್ಸಿರಲಿಲ್ಲ. ಕಾರು ನೆಟ್ಟಗೆ ನಡೆದರೆ ನೀನೇ ಓಡಿಸು, ಇಲ್ಲದಿದ್ದರೆ ಗುಜರಿಗೆ ಹಾಕುತ್ತೇನೆ ಎಂದರು ಮಾವ. ಅಷ್ಟೇ ಮಾತು.

ಆಳು ಸಣಕಲು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಕೋಟಿಗೆ ಒಂದೂ ಗುಂಡಿ ಇಲ್ಲ. ಜೇಬಿನಲ್ಲಿ ನಟ್ಟು, ವಾಷರು, ಅದರ ಜೊತೆಯಲ್ಲೇ ಪುಟಾಣಿ ಕಡಲೆ. ತಿನ್ನುವಾಗ ಒಂದೊಂದು ಸಲ ವಾಷರು ಬಾಯಿಗೆ ಹೋಗುತ್ತಿತ್ತು. ಉಗುಳಿ, ಒರೆಸಿ, ಮತ್ತೆ ಜೇಬಿಗೇ ಹಾಕುತ್ತಿದ್ದ. ಕಾರಿನ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಮಾವ ಸುತ್ತಿಗೆ ತಂದರೆ ಇವನು ನನ್ನ ಹತ್ತಿರ ಔಡಲ ಎಣ್ಣೆ ಕೇಳಿದ.

"ತುಕ್ಕ ಹಿಡಿದ ಬೋಲ್ಟು ಸಿಟ್ಟಾದ ಅಳಿಯ ಇದ್ದಂಗ್ರಿ. ಎಣ್ಣಿ ಹಾಕಿ ಕಾಯಬೇಕು. ಬಡದ್ರ ಮುರೀತದ."

ಎರಡು ದಿನ ಕಾದೆವು. ಬೋಲ್ಟು ಬಿಚ್ಚಿದವು. ಮುಂದೆ ಕಾರಿನ ಭಾರ ಹೊರುವ ಕಮಾನುಪಟ್ಟಿಯ ಕಿವಿಯಲ್ಲಿ, ಬೋಲ್ಟಿನ ಸುತ್ತ ಕೂರುವ ರಬ್ಬರ್ ಬುಷ್ ನಾಯಿ ಅಗಿದ ಚಪ್ಪಲಿಯ ಹಾಗೆ ಹೊರಗೆ ಬಂತು. ಹೊಸವು ಹೈದರಾಬಾದಿನಿಂದ ರೈಲಿನಲ್ಲಿ ಬಂದಿದ್ದವು. ಅವು ಕೆಟ್ಟರೆ ಬೇರೆ ಇಲ್ಲ.

ಹೊಸ ಬುಷ್ ಕೂರಿಸಿ, ಬೋಲ್ಟು ತೂರಿಸಿ, ಮಿಸ್ತ್ರಿ ಮಧ್ಯಾಹ್ನದ ನಮಾಜಿಗೆ ಹೋದ. ಕಾರು ಇನ್ನೂ ಕಲ್ಲಿನ ಮೇಲಿತ್ತು. ಬಂಡಿಗೆ ಗಾಲಿ ಹಾಕುವಾಗ ನಾವು ಅಚ್ಚು ಎತ್ತಿ ನಿಲ್ಲಿಸಿಯೇ ಕೀಲು ಬಡಿಯುವವರು. ಮಾವ ಅದೇ ರೂಢಿಯಲ್ಲಿ ಪಾನಾ ತೆಗೆದುಕೊಂಡು ಎಲ್ಲ ನಟ್ಟನ್ನೂ ಬಿಗಿದುಬಿಟ್ಟರು. ಮಿಸ್ತ್ರಿ ಬಂದು ಕೈಯಾಡಿಸಿ ನೋಡಿದ.

"ಯಜಮಾನ್ರ, ಇದು ಬಂಡಿ ಅಲ್ರಿ. ಹಿಂಗ ಬಿಗದು ಕೆಳಗ ಇಳಿಸಿದ್ರ ರಬ್ಬರ್ ತಿರುಚಿ ಹರೀತಿತ್ತು. ನನ್ನ ಹೈದರಾಬಾದಿಗೆ ಕಳಿಸೋ ಕೆಲಸ ನೀವ ಮಾಡ್ತಿದ್ರಿ. ಭಾರ ಬಿದ್ದ ಮ್ಯಾಲೆ ಬಿಗಿಬೇಕು."

ಮತ್ತೆ ಸಡಿಲಿಸಿ, ಕಾರು ನೆಲಕ್ಕಿಳಿಸಿದರು. ಭಾರಕ್ಕೆ ಒಳಗೆ ಮಂದಿ ಕೂರಬೇಕು. ಗಂಡಸರೆಲ್ಲ ಕುರಿಯ ಹಿಂದೆ, ಜೋಳದ ಚೀಲ ಇಡೋಣವೆಂದರೆ ಜೋಳವೆಲ್ಲ ನೆಲದಡಿಯ ಹಗೇವಿನಲ್ಲಿ. ಮಿಸ್ತ್ರಿಯ ಬೆರಳಿಗೆ ಬಲವಿಲ್ಲ. ಹಾಗಾಗಿ ಪಾನಾ ಹಿಡಿದು ಕಾರಿನ ಕೆಳಗೆ ಮಲಗಿದವರು ಮಾವ. ಅತ್ತೆ ಹತ್ತಿ ಕೂತಳು. ಹೊಟ್ಟಿನ ಚೀಲದಷ್ಟು ಹಗುರ. ಮಿಸ್ತ್ರಿ ತಲೆ ಅಲ್ಲಾಡಿಸಿ, ಸೊಸೆಯನ್ನು ಕರೆಯಿರಿ ಎಂದ.

ನಮ್ಮಲ್ಲಿ ಸೊಸೆ ಮಾವನೆದುರು ಗೋಣಿತಟ್ಟಿನ ಮೇಲೂ ಕೂರುವುದಿಲ್ಲ. ಇಲ್ಲಿ ನಾನು ಮೇಲೆ ಸೀಟಿನಲ್ಲಿ, ಅವರು ಕೆಳಗೆ ಮಣ್ಣಿನಲ್ಲಿ. ಅತ್ತೆ ಆಗುವುದಿಲ್ಲ ಎಂದಳು. ಹಾಗಾದರೆ ನಾಳೆಯ ರೈಲಿಗೆ ತಾನು ಹೊರಟೆ ಎಂದು ಮಿಸ್ತ್ರಿ ಕೋಟು ಹಾಕಿಕೊಂಡ. ಆಗ ಕಾರಿನ ಕೆಳಗಿನಿಂದ ಮಾವನ ದನಿ ಬಂತು.

"ಬಾರವ್ವ, ಕುಂಡ್ರು. ಇಲ್ಲಿಂದ ನನಗ ನಟ್ಟು ಬಿಟ್ಟು ಏನೂ ಕಾಣಂಗಿಲ್ಲ."

ಹೋಗಿ ಸೀಟಿನ ತುದಿಗೆ ಕೂತೆ. ಮಿಸ್ತ್ರಿ ಬಗ್ಗಿ ಕಮಾನುಪಟ್ಟಿ ನೋಡಿದ.

"ಪೂರಾ ಕುಂಡ್ರವ್ವ. ನೀ ಅರ್ಧ ಕುಂತ್ರ ಅದೂ ಅರ್ಧನ ಬಿಗೀತದ."

ಪೂರಾ ಕೂತೆ. ಮಾವ ಬಿಗಿದರು.

ಸಂಜೆ ಶಹಾಪುರದ ದಾರಿಯಲ್ಲಿ ಮಿಸ್ತ್ರಿ ಎರಡೂ ಕೈ ಬಿಟ್ಟು ಓಡಿಸಿ ತೋರಿಸಿದನಂತೆ. ಕಾರು ನೆಟ್ಟಗೆ ಹೋಯಿತು. ಅವನ ಹೆಂಡತಿ ಗಂಟು ಬಿಚ್ಚಿದಳು.

ಹನ್ನೊಂದು ವರ್ಷ ಅದೇ ಕಾರನ್ನು ಯಾದಗಿರಿಗೆ ಓಡಿಸಿದ. ದಿನಾ ಬೆಳಿಗ್ಗೆ ಮೊದಲ ಸಲಾಮು ಕಾರಿಗೇ. ಬುಷ್ ಮತ್ತೆ ಸವೆದವು. ಹಳೆಯವನ್ನು ತೆಗೆದು, ಹೊಸವುಗಳ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಸೋಮವಾರ ಬರುತ್ತೇನೆ, ಅಲ್ಲಿಯವರೆಗೆ ಯಾರೂ ಪಾನಾ ಮುಟ್ಟಬಾರದು ಎಂದು ಮಾವನ ಕಡೆ ನೋಡಿ ಹೋದ. ಸೋಮವಾರ ಅವನು ಬರಲಿಲ್ಲ, ತೀರಿಕೊಂಡ ಸುದ್ದಿ ಬಂತು. ಮಾವ ಹೋಗಿ ಮಣ್ಣು ಕೊಟ್ಟು ಬಂದರು. ನಾನು ಅಳಲಿಲ್ಲ. ಅಳುವವರು ಅವನ ಮನೆಯಲ್ಲಿ ಇದ್ದರು.

ಮರುದಿನ ಬೆಳಿಗ್ಗೆ ಮಾವ ಹೊಸ ಬುಷ್ ಕೂರಿಸಿ, ಕಲ್ಲು ತೆಗೆದು ಕಾರು ನೆಲಕ್ಕಿಳಿಸಿ, ಪಾನಾ ಹಿಡಿದು ಕೆಳಗೆ ಮಲಗಿದರು. ಯಾರನ್ನೂ ಕರೆಯಲಿಲ್ಲ. ನಾನು ಹಿಟ್ಟಿನ ಕೈ ತೊಳೆದುಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಪೂರಾ ಕೂತೆ.