ಅಕ್ಕಿ ಡಬ್ಬದೊಳಗಿನ ಇನ್ನೊಂದು ಗಂಟು

ಬೆಳಿಗ್ಗೆ ಆಫೀಸಿನ ಕಂಪ್ಯೂಟರ್ ಕೈಕೊಟ್ಟಿತು. ವರ್ಷಗಟ್ಟಲೆ ಕೂಡಿಟ್ಟ ಮಾಹಿತಿಯೆಲ್ಲ ಹೋಯಿತು ಅಂತ ಮ್ಯಾನೇಜರ್ ತಲೆ ಮೇಲೆ ಕೈಹೊತ್ತು ಕೂತರು. ನನ್ನ ಡ್ರಾಯರಿನ ಪೆನ್‌ಡ್ರೈವಿನಲ್ಲಿ ಅದರ ಇನ್ನೊಂದು ಕಾಪಿ ಇತ್ತು. ಅದು ತೆರೆದುಕೊಂಡ ಕೂಡಲೇ ನನ್ನ ಮೂಗಿಗೆ ಶಿರಾದ ನಮ್ಮ ಮನೆಯ ಹಸಿ ಕಡಲೆಕಾಯಿ ವಾಸನೆ ಬಡಿಯಿತು.

ಅಬ್ಬಾ ಕಡಲೆಕಾಯಿ ವ್ಯಾಪಾರಿ. ಮುಂದೆ ತಕರಾರು ಬಂದರೆ ತೋರಿಸಲೆಂದು ಪ್ರತಿ ಮಾಲಿನಿಂದ ಒಂದು ಬೊಗಸೆ ಮಾದರಿ ತೆಗೆದು, ಬಟ್ಟೆಯಲ್ಲಿ ಗಂಟು ಕಟ್ಟಿ ತೊಲೆಗೆ ನೇತುಹಾಕುತ್ತಿದ್ದರು. ನಿಡುಗಲ್ಲು ಊರಿನ ಮಾಲಿಗೆ ಕೆಂಪು ದಾರ, ನಾಗಲಮಡಿಕೆಯದಕ್ಕೆ ಕಪ್ಪು.

ಒಂದಿನ ಎಣ್ಣೆ ಮಿಲ್ಲಿನ ಸಾಹುಕಾರರು ಒಂದು ಹಿಡಿ ನಿಡುಗಲ್ಲಿನ ಕಾಯಿ ತಂದು, "ತೋರ್ಸಿದ್ದೊಂದು, ಕಳ್ಸಿದ್ದೊಂದು. ಮಾಲು ವಾಪಸ್ ತಗೊಳಿ ಸಾಬ್ರೇ" ಅಂತ ಕೂಗಾಡಿದರು. ಅಬ್ಬಾ ಕೆಂಪು ದಾರದ ಗಂಟು ಇಳಿಸಿ ಬಿಚ್ಚಿದರೆ ಒಳಗೆ ಬರೀ ಸಿಪ್ಪೆ. ಅವರ ಮುಖ ಬಿಳಿಚಿಕೊಂಡಿತು.

ಅಮ್ಮಿ ಅಕ್ಕಿ ಡಬ್ಬಕ್ಕೆ ಕೈ ಹಾಕಿ, ಅದೇ ಕೆಂಪು ದಾರದ ಪುಟ್ಟ ಗಂಟೊಂದನ್ನು ತೆಗೆದಳು. "ಮೇಲೆ ಕಟ್ಟಿದ್ದು ಇಲಿಗೆ ಕಣ್ರೀ. ಇದು ನಮಗೆ."

ಸಾಹುಕಾರರು ತಾವು ತಂದ ಕಾಯನ್ನೂ ಈ ಗಂಟಿನದನ್ನೂ ಪಕ್ಕಪಕ್ಕ ಇಟ್ಟು ಸುಲಿದು, "ಒಂದೇ ಮಾಲು ಬುಡಿ" ಅಂದರು. ಅಬ್ಬಾ ಉಸಿರು ಬಿಟ್ಟದ್ದು ಅಡುಗೆಮನೆಗೂ ಕೇಳಿಸಿತು.

ಸಂಜೆ ಮಂಡಿಯಲ್ಲಿ ಅಬ್ಬಾ, "ನಾನ್ ಯಾವಾಗ್ಲೂ ಎರಡೆರಡು ಇಡ್ತೀನಿ" ಅಂತ ಹೇಳಿಕೊಂಡು ತಿರುಗಿದರು. ಅಮ್ಮಿ ಮನೆಯಲ್ಲಿ ಉಳಿದ ಕಾಯಿ ಹುರಿದು ತಿನ್ನುತ್ತಾ ಕೂತಳು.

ಈಗಷ್ಟೇ ಮೀಟಿಂಗ್ ಮುಗಿಯಿತು. "ಎರಡು ಕಾಪಿ ಇಡಿ ಅಂತ ನಾನು ಯಾವಾಗ್ಲೂ ಹೇಳ್ತಿರ್ತೀನಿ" ಅಂದರು ಮ್ಯಾನೇಜರ್. ನಾನು ಟೀ ಜೊತೆಗೆ ಹುರಿದ ಕಡಲೆಬೀಜ ತರಿಸಿಕೊಂಡೆ.