ಮೀನಿನ ಹಾರ್ನಿನ ಸೈಕಲ್

ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ನಲವತ್ತು ವರ್ಷ ಬೀಡಿ ಕಟ್ಟಿದವಳು ನಾನು. ಬೆರಳು ಮಡಚಲಾಗದೆ ಆ ಕೆಲಸ ನಿಂತ ಮೇಲೆ ಒಂದು ಕಡೆ ಕುಳಿತಿರಲು ನನ್ನಿಂದ ಆಗುವುದಿಲ್ಲ. ಕುಳಿತರೆ ಕಾಲು ತಾನಾಗಿ ಅಲ್ಲಾಡುತ್ತದೆ. ಟಿವಿ ನೋಡಿದರೆ ಸಿಟ್ಟು ಬರುತ್ತದೆ. ಹಾಗಾಗಿ, ಬಂಟ್ವಾಳದ ನಮ್ಮ ಓಣಿಗೆ ಮೀನು ತರುತ್ತಿದ್ದ ಬ್ಯಾರಿ ಬೈಕ್ ತೆಗೆದುಕೊಂಡಾಗ ಅವರ ಹಳೆಯ ಸೈಕಲನ್ನು ನಾನು ಕೇಳಿ ತಂದೆ.

ಸೈಕಲ್ ಕಲಿತದ್ದು ಚಿಕ್ಕಂದಿನಲ್ಲಿ, ಗದ್ದೆಯಲ್ಲಿ, ಅಣ್ಣನಿಗೆ ಗೊತ್ತಾಗದ ಹಾಗೆ. ಇದು ನಡುವೆ ದಂಡ ಇರುವ ಗಂಡಸರ ಸೈಕಲ್. ಸೀರೆಯಲ್ಲಿ ಆಗುವುದಿಲ್ಲವೆಂದು ಸೊಸೆಯ ಹಳೆಯ ಚೂಡಿದಾರ ಹಾಕಿದೆ. ಓಣಿಯವರು ನಕ್ಕರು. ನಗಲಿ. ಬೆಲ್ ಇರಲಿಲ್ಲ, ಮೀನಿನವರ ರಬ್ಬರ್ ಹಾರ್ನು. ಅದನ್ನು ಬದಲಿಸಲು ನಾನು ಹೋಗಲಿಲ್ಲ.

ಒಂದು ದಿನ ಪೇಟೆಯ ತಿರುವಿನಲ್ಲಿ ಬಿದ್ದು ಮೊಣಕಾಲು ತರಚಿತು. ಮಂಗಳೂರಿನ ಕಂಕನಾಡಿಯಲ್ಲಿರುವ ಮಗಳು ಫೋನ್ ಮಾಡಿದಳು.

"ಅಮ್ಮ, ಆ ಸೈಕಲನ್ನು ಗುಜರಿಗೆ ಹಾಕು. ಎಲ್ಲಿಗೆ ಹೋಗಬೇಕಾದರೂ ಅಣ್ಣನ ಕಾರು ಉಂಟಲ್ಲ."

ಮಗನ ಕಾರು ಉಂಟು. ಅದು ಯಾವಾಗ ಖಾಲಿ ಎಂದು ಚಾವಡಿಯಲ್ಲಿ ಕಾಯುತ್ತ ಕೂರಬೇಕು. ಸೈಕಲ್ ಹೋದರೆ ನಾನು ಮತ್ತೆ ಕುಳಿತವಳೇ.

"ಆದಿತ್ಯವಾರ ನಿನ್ನ ಮನೆಗೆ ಸೈಕಲಲ್ಲೇ ಬರ್ತೇನೆ. ದಾರಿಯಲ್ಲಿ ಬಸ್ಸು, ರಿಕ್ಷಾ ಹತ್ತಿದರೆ ಗುಜರಿಗೆ ಹಾಕುವ. ಹತ್ತದೆ ಬಂದರೆ ನೀನು ಮತ್ತೆ ಆ ಸುದ್ದಿ ಎತ್ತಬಾರದು" ಎಂದೆ.

"ಬಿ.ಸಿ. ರೋಡು ದಾಟು, ಆಮೇಲೆ ಮಾತಾಡುವ" ಎಂದು ನಕ್ಕಳು.

ಆದಿತ್ಯವಾರ ಬಿ.ಸಿ. ರೋಡಿನ ಪೇಟೆ ದಾಟುವಾಗ ಬೆಳಕು ಹರಿದಿತ್ತಷ್ಟೆ. ಎಡಕ್ಕೆ ನೇತ್ರಾವತಿ. ತುಂಬೆಯಲ್ಲಿ ಕಟ್ಟೆಗೆ ತಡೆದು ನಿಂತ ನೀರು, ಕಟ್ಟೆಯಿಂದ ಕೆಳಗೆ ಬರೀ ಬಂಡೆ ಮತ್ತು ಮರಳು. ನಿಂತು ನೋಡುವವರು ನೋಡಲಿ, ನಾನು ನಿಲ್ಲಲಿಲ್ಲ. ಹಿಂದಿನಿಂದ ಬಸ್ಸುಗಳು ಕಿವಿ ಹರಿಯುವ ಹಾಗೆ ಕೂಗುತ್ತಿದ್ದವು. ಫರಂಗಿಪೇಟೆ ಕಳೆದು ಹೆದ್ದಾರಿ ಬಿಟ್ಟು ಹೊಳೆಬದಿಯ ಓಣಿಗೆ ಇಳಿದೆ. ಅಲ್ಲಿ ಒಂದು ಕೋಳಿ ಅಡ್ಡ ಬಂತು. ಹಾರ್ನ್ ಒತ್ತಿದೆ. ಪೋಂಕ್, ಪೋಂಕ್.

ಮೂರು ಮನೆಗಳ ಬಾಗಿಲು ಒಟ್ಟಿಗೆ ತೆರೆಯಿತು. ತಟ್ಟೆ ಹಿಡಿದ ಹೆಂಗಸರು, ಅವರ ಮುಂದೆ ಬೆಕ್ಕುಗಳು.

"ನಿಲ್ಲಿಸಿ, ನಿಲ್ಲಿಸಿ! ಎಂತ ಉಂಟು ಇವತ್ತು? ಬಂಗುಡೆಯಾ?"

"ಎಂತದೂ ಇಲ್ಲ. ಕೋಳಿ ಅಡ್ಡ ಬಂತು, ಒತ್ತಿದೆ."

"ಮೀನಿಲ್ಲದೆ ಆ ಹಾರ್ನ್ ಒತ್ತುವುದಾ ಮಾರಾಯ್ರೆ! ನಾನು ಮಸಾಲೆ ಕಡೆದಿಟ್ಟು ಕಾಯ್ತಾ ಇದ್ದೇನೆ."

"ಮಸಾಲೆಗೆ ಕೋಳಿ ಹಾಕಿ. ಇಲ್ಲೇ ಓಡಾಡ್ತಾ ಉಂಟಲ್ಲ" ಎಂದೆ.

"ಅದು ನನ್ನ ಕೋಳಿ!" ಎಂದು ಇನ್ನೊಬ್ಬಳು ಕೂಗಿದಳು. ಹೆಂಗಸರು ನನ್ನ ಮಾತು ನಂಬಿದರು, ಬೆಕ್ಕುಗಳು ನಂಬಲಿಲ್ಲ. ಕ್ಯಾರಿಯರಿಗೆ ಹಿಡಿದ ಹಳೆಯ ವಾಸನೆ ಮೂಸುತ್ತ ಓಣಿಯ ಕೊನೆಯ ತನಕ ಬಂದವು. ಆಮೇಲೆ ಹಾರ್ನ್ ಮುಟ್ಟಲಿಲ್ಲ. ಯಾರಾದರೂ ಅಡ್ಡ ಬಂದರೆ ಬಾಯಲ್ಲೇ ಕೂಗಿದೆ.

ಅಡ್ಯಾರು ಬರುವಾಗ ಮನೆಗಳು ಒಂದಕ್ಕೊಂದು ಒತ್ತಿಕೊಂಡು, ಮಹಡಿಗಳು ಎದ್ದು, ಹೊಳೆ ಕಾಣದಾಯಿತು. ಕಣ್ಣೂರು ಕಳೆದ ಮೇಲೆ ಪಡೀಲಿನ ಏರು. ಇಳಿದು ದೂಡಿದೆ. ಬಿಸಿಲು ನೆತ್ತಿಗೆ ಹತ್ತಿತ್ತು, ಮೊಣಕಾಲು ಮಾತು ಕೇಳುತ್ತಿರಲಿಲ್ಲ. ತೆಂಗಿನಕಾಯಿ ತುಂಬಿದ ಟೆಂಪೋ ಪಕ್ಕದಲ್ಲಿ ನಿಂತಿತು. ಡ್ರೈವರ್ ತಲೆ ನರೆತವನು.

"ಎಲ್ಲಿಗೆ ಅಜ್ಜಿ?"

"ಕಂಕನಾಡಿಗೆ."

"ಸಾಯುವುದಾದರೆ ಬೇರೆ ಗಾಡಿಯ ಎದುರು ಸಾಯಿರಿ. ನನ್ನದಕ್ಕೆ ಹತ್ತಿ."

ಹತ್ತಿದೆ. ಸುಳ್ಳು ಬರೆದು ಎಂತ ಪ್ರಯೋಜನ? ಸೈಕಲನ್ನು ಕಾಯಿಗಳ ಮೇಲೆ ಮಲಗಿಸಿದ. ಏರು ಮುಗಿದಲ್ಲಿ ಇಳಿದೆ. ಗುರುತಿನವರು ಯಾರೂ ಕಾಣಲಿಲ್ಲ. ನಾನು ಹೇಳಿದ್ದು ಬಸ್ಸು, ರಿಕ್ಷಾ. ಟೆಂಪೋ ಎಂದು ಹೇಳಿರಲಿಲ್ಲವಲ್ಲ ಎಂದುಕೊಳ್ಳುತ್ತಲೇ ಪಂಪ್‌ವೆಲ್‌ನ ಗಲಾಟೆ ದಾಟಿದೆ.

ಮಗಳ ಓಣಿಯಲ್ಲಿ ಒಂದು ಕಾರು ಹಿಂದಕ್ಕೆ ಬಂತು. ಮರೆತು ಹಾರ್ನ್ ಒತ್ತಿದೆ. ಗೇಟಿಗೆ ಓಡಿ ಬಂದದ್ದು ಮಗಳೇ, ಕೈಯಲ್ಲಿ ಸ್ಟೀಲಿನ ತಟ್ಟೆ.

"ಬೂತಾಯಿ ಉಂಟಾ?" ಎಂದವಳು ನನ್ನ ಮುಖ ನೋಡಿದಳು. "ಅಯ್ಯೋ! ಅಮ್ಮ!"

ನಗುತ್ತಲೇ ನೀರು ತಂದಳು. ಅಣ್ಣನಿಗೆ ಫೋನ್ ಮಾಡಿದಳು. "ಅಮ್ಮ ಗೆದ್ದಳು ಮಾರಾಯ. ಇಡೀ ದಾರಿ ತುಳಿದುಕೊಂಡು ಬಂದಿದ್ದಾಳೆ!" ಅವಳ ದನಿಯಲ್ಲಿ ಜಂಬ ಇತ್ತು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಯ ತನಕ ಹೋದೆ, ವಾಪಸು ಬಂದೆ.

"ಇಡೀ ದಾರಿ ಅಲ್ಲ. ಪಡೀಲಿನ ಏರಿನಲ್ಲಿ ಟೆಂಪೋ ಹತ್ತಿದೆ" ಎಂದೆ.

ಅವಳು ಫೋನ್ ಇಟ್ಟಳು. "ಹಾಗಾದರೆ ನೀನು ಸೋತೆ."

"ಸೋತೆ."

"ಸೈಕಲ್ ಗುಜರಿಗೆ."

"ಹಾಕುವ. ಆದರೆ ನಮ್ಮ ಗುಜರಿಯವನು ಇರುವುದು ಬಂಟ್ವಾಳದಲ್ಲಿ. ಅಲ್ಲಿಗೆ ಮುಟ್ಟಿಸಬೇಕಲ್ಲ."

ಬೈದಳು. ಕಾರು ತರಿಸುತ್ತೇನೆ ಎಂದಳು. ಅವಳು ಬಡಿಸಿದ್ದನ್ನು ಉಂಡು, ಬಿಸಿಲು ಇಳಿದ ಮೇಲೆ ಹೊರಟೆ. ಅವಳು ಸ್ಕೂಟರಿನಲ್ಲಿ "ನಿಧಾನ, ನಿಧಾನ" ಎನ್ನುತ್ತ ಪಡೀಲಿನ ತನಕ ಬಂದಳು. ಬರುವಾಗ ನನ್ನನ್ನು ಸೋಲಿಸಿದ ಏರು ಈಗ ಇಳಿಜಾರು. ಅವಳು ಬೊಬ್ಬೆ ಹೊಡೆಯುತ್ತಿದ್ದಂತೆ ಬ್ರೇಕ್ ಬಿಟ್ಟೆ.

ಬಂಟ್ವಾಳ ಮುಟ್ಟುವಾಗ ಗುಜರಿ ಅಂಗಡಿ ದಾರಿಯಲ್ಲೇ ಸಿಕ್ಕಿತು. ಆದಿತ್ಯವಾರ, ಮುಚ್ಚಿತ್ತು. ಸೋಮವಾರ ನನಗೆ ಸೈಕಲಿನಲ್ಲಿ ಬೇರೆ ಕಡೆ ಹೋಗಲಿಕ್ಕಿತ್ತು.